ಭಾವನ ಹಿತ್ತಲಿನ ನೀಲಗಿರಿ

ನಮ್ಮ ಭಾವನವರಿಗೆ ತಲೆ ಕೆಟ್ಟಿದೆ ಎಂದು ನಾನು ಹೇಳುವುದಿಲ್ಲ. ಅವರ ಬೀದಿಯ ಹನ್ನೊಂದು ಮನೆಯವರೂ ಹೇಳುತ್ತಾರೆ, ನಾನೊಬ್ಬ ಯಾಕೆ ದನಿಗೂಡಿಸಲಿ ಎಂದು ಸುಮ್ಮನಿದ್ದೇನೆ! ಮೂವತ್ತು ವರ್ಷ ಅಮೆರಿಕದ ಸೇತುವೆಗಳಿಗೆ ನಕ್ಷೆ ಹಾಕಿದ ಸಿವಿಲ್ ಎಂಜಿನಿಯರ್, ರಿಟೈರ್ ಆದಮೇಲೆ ಜಾರ್ಜಿಯಾದ ಕಮ್ಮಿಂಗ್‌ನಲ್ಲಿ ಒಂದೂವರೆ ಎಕರೆ ಜಾಗದ ನಡುವೆ ಒಬ್ಬರೇ ಕೂತು, ಭೂಮಿಯ ಮೇಲೆ ಬೇರೆ ಗಿಡವೇ ಇಲ್ಲವೆಂಬಂತೆ ನೀಲಗಿರಿ ಬೆಳೆಸುತ್ತಾರೆ ಎಂದರೆ ಜನ ಇನ್ನೇನು ಹೇಳಿಯಾರು?

ಒಂದೂವರೆ ಎಕರೆ ಬೇಕು ಎಂದು ಹಟ ಹಿಡಿದವಳು ನನ್ನ ಅಕ್ಕ. ಮನೆ ಕೊಂಡು ಪೆಟ್ಟಿಗೆಗಳನ್ನೆಲ್ಲ ಬಿಚ್ಚುವ ಮೊದಲೇ ಕೋವಿಡ್ ಬಂತು, ಅಕ್ಕ ಹೋಗಿಬಿಟ್ಟಳು. ಬೇರೆ ರಾಜ್ಯದ ಆಲ್ಡಿ ಎಂಬ ಊರಿನಲ್ಲಿರುವ ಮಗಳು, "ಅಪ್ಪಾ, ಇಲ್ಲಿಗೇ ಬಂದ್ಬಿಡಿ, ಬೇಸ್‌ಮೆಂಟ್ ಪೂರ್ತಿ ಫಿನಿಶ್ ಮಾಡಿಸಿದೀವಿ" ಎಂದಳು. ಭಾವ ಬರುತ್ತೇನೆಂದೂ ಅನ್ನಲಿಲ್ಲ, ಬರುವುದಿಲ್ಲವೆಂದೂ ಅನ್ನಲಿಲ್ಲ. "ಹಿತ್ತಲಲ್ಲಿ ನೀರು ನಿಲ್ತಿದೆ, ಅದೊಂದು ಸರಿ ಮಾಡಿ ನೋಡೋಣ" ಎಂದರು.

ನೀರು ನಿಲ್ಲುತ್ತಿದ್ದದ್ದು ನಿಜ. ಜಾರ್ಜಿಯಾದ ಕೆಂಪು ಜೇಡಿಮಣ್ಣು, ಒಂದು ಮಳೆ ಬಂದರೆ ವಾರಗಟ್ಟಲೆ ಪಚಪಚ. ತೋಟದ ಕೆಲಸದವನು ಬಂದು ನೋಡಿ, ನೆಲದಡಿ ಪೈಪು ಹಾಕಬೇಕು ಎಂದ. ಬೇರೆ ಯಾರಾದರೂ ಹಾಕಿಸುತ್ತಿದ್ದರು. ಭಾವ ಕೋಲಾರದವರು!

"ಪೈಪ್ ಯಾಕಯ್ಯಾ? ನಮ್ಮೂರಿನ ಬಾವಿಗಳನ್ನೆಲ್ಲ ಕುಡಿದು ಮುಗಿಸಿದ ಮರ ಒಂದಿದೆ. ಅದಕ್ಕೆ ಈ ಹಿತ್ತಲು ಯಾವ ಲೆಕ್ಕ!"

ಅಲ್ಲಿ ಜನ ಹಿಡಿಶಾಪ ಹಾಕಿ ಬುಡಸಮೇತ ಕೀಳಿಸುತ್ತಿರುವ ಮರವನ್ನು ಈ ಮಹಾನುಭಾವರು ಇಲ್ಲಿ ಆನ್‌ಲೈನ್‌ನಲ್ಲಿ ತರಿಸಿ ನೆಟ್ಟರು. ಮೊಣಕಾಲೆತ್ತರದ ಸಸಿ. ಆ ಬೇಸಿಗೆಯಲ್ಲಿ ನೋಡಿ, ಮಳೆಯೇ ಇಲ್ಲ. ಹಿತ್ತಲು ಒಣಗಿಸಲೆಂದು ನೆಟ್ಟ ಗಿಡ ತಾನೇ ಒಣಗದಿರಲಿ ಎಂದು ಭಾವ ದಿನಾ ಸಂಜೆ ಹೋಸ್ ಹಿಡಿದು ನೀರು ಬಿಟ್ಟರು! ಇದೇನು ಭಾವ ಎಂದರೆ, "ಕುಡಿಯೋದು ಪ್ರಾಕ್ಟೀಸ್ ಆಗ್ಬೇಕಲ್ಲ" ಎಂದರು.

ಪಕ್ಕದ ಮನೆಯ ಅಮೆರಿಕನ್ ಅಜ್ಜಿ ಬೇಲಿಯಾಚೆಯಿಂದ, ಇದು ನೇಟಿವ್ ಮರವೇ ಎಂದು ವಿಚಾರಿಸಿದರು. ಭಾವ ಗಂಭೀರವಾಗಿ "ಯೆಸ್, ನೇಟಿವ್ ಆಫ್ ಕೋಲಾರ್" ಎಂದುಬಿಟ್ಟರು. ಭಾವ, ಅದು ಆಸ್ಟ್ರೇಲಿಯಾದ ಮರ ಎಂದು ನಾನು ಪಿಸುಗುಟ್ಟಿದೆ.

"ಇರಲಯ್ಯಾ. ಮೂವತ್ತು ವರ್ಷಕ್ಕೆ ನಾನು ಅಮೆರಿಕನ್ ಆಗಿಲ್ವಾ? ಅದು ಅಷ್ಟು ಕಾಲ ಕೋಲಾರದಲ್ಲಿದ್ದು ಕೋಲಾರದ್ದಾಗಬಾರದಾ?"

ಗಿಡ ಎದೆಯುದ್ದ ಬರುವಷ್ಟರಲ್ಲಿ ಅದಕ್ಕೆ ಇನ್ನೊಂದು ಉದ್ಯೋಗ ಸಿಕ್ಕಿತು. ಕೋವಿಡ್ ಬಂದವರಿಗೆ ವಾಸನೆ ತಿಳಿಯುವುದಿಲ್ಲ ಎಂದು ಎಲ್ಲರೂ ಹೆದರಿದ್ದ ಕಾಲ. ಮನೆಗೆ ಬಂದವರನ್ನು ಭಾವ ಬಾಗಿಲಲ್ಲೇ ತಡೆದು, ಒಂದೆಲೆ ಹಿಸುಕಿ ಮೂಗಿಗೆ ಹಿಡಿಯುತ್ತಿದ್ದರು. "ಘಾಟು ಬಂತಾ? ಹಾಗಾದ್ರೆ ಒಳಗೆ ಬನ್ನಿ!" ನನ್ನ ಹೆಂಡತಿಗೆ ಮಾಮೂಲಿ ನೆಗಡಿ. ಪಾಪ, ಅವಳು ಗ್ಯಾರೇಜಿನಲ್ಲಿ ಕುರ್ಚಿ ಹಾಕಿಕೊಂಡು ಬಿಸಿಬೇಳೆಬಾತ್ ತಿಂದಳು. ಅಲ್ಲಿಂದ ಮುಂದೆ ಭಾವನ ಮನೆಗೆ ಎಂದರೆ ಅವಳಿಗೆ ಏನಾದರೊಂದು ಕೆಲಸ ಇರುತ್ತಿತ್ತು. ಬೇರೆಯವರಿಗೂ ಇರುತ್ತಿತ್ತು.

ಚಳಿಗಾಲದ ಕಥೆ ಇನ್ನೂ ಚೆನ್ನ. ಮೊದಲ ವರ್ಷ ಗಿಡಕ್ಕೆ ರಜಾಯಿ ಸುತ್ತಿ ತುದಿಗೊಂದು ಮಂಕಿ ಕ್ಯಾಪ್ ತೊಡಿಸಿದರು. ಎರಡನೇ ವರ್ಷಕ್ಕೆ ಅದು ಮಹಡಿಯ ಕಿಟಕಿ ಮುಟ್ಟಿತ್ತು, ಅಷ್ಟುದ್ದದ ರಜಾಯಿ ಎಲ್ಲಿ ಸಿಗಬೇಕು? ಹಳೇ ಕಾಲದ, ಮುಟ್ಟಿದರೆ ಬಿಸಿಯಾಗುವ ಬಲ್ಬಿನ ಸರಗಳನ್ನು ಹುಡುಕಿ ತಂದು ಏಣಿ ಹಾಕಿ ಮರದ ತುಂಬ ಸುತ್ತಿದರು. ಬೀದಿಯವರು ಕ್ರಿಸ್‌ಮಸ್ ಅಲಂಕಾರವೆಂದು ತಿಳಿದು ಆ ವರ್ಷದ ಬಹುಮಾನವನ್ನು ಅವರಿಗೇ ಕೊಟ್ಟರು! ಮಾರ್ಚ್ ಬಂದರೂ ದೀಪ ಉರಿಯುತ್ತಲೇ ಇದ್ದಾಗ ಕೊಟ್ಟವರು ಮುಖಮುಖ ನೋಡಿಕೊಂಡರು.

ಇಷ್ಟರ ನಡುವೆ ಮಗಳ ಫೋನು ತಪ್ಪಲಿಲ್ಲ. "ಮರ ಇದೆಯಲ್ಲಮ್ಮ, ಹೇಗೆ ಬಿಟ್ಟು ಬರಲಿ?" ಎನ್ನುವುದು ಭಾವನ ಏಕೈಕ ಉತ್ತರ. ಕೊನೆಗೆ ಅವಳಿಗೂ ಸಾಕಾಯಿತು. ನಾನೂ ಭಾವನ ಪಕ್ಕ ಕೂತಿದ್ದ ಒಂದು ದಿನ ವಿಡಿಯೋ ಕಾಲ್‌ನಲ್ಲಿ ಹೇಳಿಯೇಬಿಟ್ಟಳು. "ಫೈನ್ ಅಪ್ಪಾ. ಮರ ಇರೋವರೆಗೂ ಇರಿ. ಅದು ಸತ್ರೆ ಮನೆ ಸೇಲ್ ಮಾಡಿ ಇಲ್ಲಿಗೆ ಬರ್ಬೇಕು. ಡೀಲ್? ಮಾಮ, ಯು ಆರ್ ದ ವಿಟ್ನೆಸ್!" ಭಾವ ಡೀಲ್ ಎಂದರು. ನಾನೂ ತಲೆಯಾಡಿಸಿದೆ. ನಿಜ ಹೇಳಬೇಕೆಂದರೆ ನಾನು ಅವಳ ಕಡೆಯೇ ಇದ್ದೆ. ಭಾವ ಅಲ್ಲಿಗೆ ಹೋದರೆ ನನಗೂ ಒಂದು ಚಿಂತೆ ಕಳೆಯುತ್ತಿತ್ತು.

ಮೂರನೇ ಚಳಿಗಾಲದಲ್ಲಿ ನಲ್ಲಿಗಳೆಲ್ಲ ಒಡೆಯುವಂಥ ಚಳಿ ಬಿತ್ತು. ಯಾವ ಬಲ್ಬಿನ ಆಟವೂ ನಡೆಯಲಿಲ್ಲ. ಎಲೆಗಳು ಸುಟ್ಟ ಹಪ್ಪಳದಂತೆ ಮುರುಟಿದವು. ಮಾರ್ಚಿನಲ್ಲಿ ಊರಿನ ಮರಗಳೆಲ್ಲ ಹೂ ಬಿಟ್ಟರೂ ಭಾವನ ಹಿತ್ತಲಲ್ಲಿ ಕಂದು ಬಣ್ಣದ ಒಂದು ಅಸ್ಥಿಪಂಜರ ನಿಂತಿತ್ತು. ಮಗಳು ನನಗೆ ಫೋನ್ ಮಾಡಿದಳು. "ಮಾಮ, ಅಪ್ಪ ಸರಿಯಾಗಿ ಹೇಳ್ತಿಲ್ಲ. ನೀವೇ ಹೋಗಿ ತೊಗಟೆ ಕೆರೆದು ನೋಡಿ. ಒಳಗೆ ಗ್ರೀನ್ ಇದ್ರೆ ಅಲೈವ್, ಬ್ರೌನ್ ಇದ್ರೆ ಡೆಡ್."

ಹೋದೆ. ಕಾರಿನ ಕೀಯಿಂದ ಕಾಂಡ ಕೆರೆದೆ, ಒಳಗೂ ಕಂದು. ಬುಡದಲ್ಲಿ ಕೆರೆದೆ, ಅಲ್ಲೂ ಕಂದು. ಭಾವ ನಾಲ್ಕು ಹೆಜ್ಜೆ ದೂರದಲ್ಲಿ ಬೆನ್ನ ಹಿಂದೆ ಕೈ ಕಟ್ಟಿಕೊಂಡು, ಫಲಿತಾಂಶ ಕೇಳಲು ಬಂದ ವಿದ್ಯಾರ್ಥಿಯಂತೆ ನಿಂತಿದ್ದರು. ಏನಾಯಿತು ಎಂದು ಕೇಳಲಿಲ್ಲ. ನಾನಿರುವ ಸುವಾನಿಯಿಂದ ಈ ಮನೆಗೆ ಅರ್ಧ ಗಂಟೆಯ ದಾರಿಯೂ ಇಲ್ಲ. ನಾನು ಕೊನೆಯ ಸಲ ಬಂದು ಮೂರು ತಿಂಗಳಾಗಿತ್ತು. ನನಗೆ ತುಂಬ ನಾಚಿಕೆಯಾಯಿತು.

ಫೋನು ಬಂತು. "ಮಾಮ? ಇಸ್ ಇಟ್ ಡೆಡ್?"

"ಇಲ್ಲ ಕಣಮ್ಮ. ಒಳಗೆ ಹಸಿರಿದೆ" ಎಂದೆ.

"ಆರ್ ಯು ಶೂರ್?"

"ಶೂರ್."

ಭಾವ ಒಳಗೆ ಹೋಗಿ ಕಾಫಿ ಮಾಡಿದರು. ಇಬ್ಬರೂ ಅಡುಗೆಮನೆಯ ಕಿಟಕಿಯ ಪಕ್ಕ ಕೂತೆವು. ಅರ್ಧ ಲೋಟ ಕುಡಿದು ಭಾವ ಹೇಳಿದರು.

"ನಾನು ಫೆಬ್ರವರೀಲೇ ಕೆರೆದು ನೋಡಿದೀನಿ ಕಣಯ್ಯಾ. ಬುಡದವರೆಗೂ ಸತ್ತಿದೆ."

"ಮತ್ತೆ ಯಾಕೆ ಹೇಳ್ಲಿಲ್ಲ ಭಾವ?"

"ಹೇಳಿದ್ರೆ ಹೋಗ್ಬೇಕಲ್ಲ. ನಿಮ್ಮಕ್ಕ ಅಷ್ಟು ಆಸೆಪಟ್ಟು ತಗೊಂಡ ಮನೆ. ನಾಲ್ಕು ತಿಂಗಳೂ ಇರ್ಲಿಲ್ಲ ಅವಳು ಇದರಲ್ಲಿ. ಅವಳ ಪಾಲಿಂದೂ ಸೇರಿಸಿ ನಾನೇ ಇರೋಣ ಅಂತ..."

ನಾನು ಉಳಿದ ಕಾಫಿ ಮುಗಿಸಿದೆ. ಅವರೇ ಲೋಟಗಳನ್ನು ತೊಳೆದು ಬೋರಲು ಹಾಕಿ, ಕೈ ಒರೆಸಿಕೊಂಡು ಕೇಳಿದರು.

"ಶನಿವಾರ ಬಿಡುವಿದ್ಯಾ? ಹೊಸ ಸಸಿ ಆರ್ಡರ್ ಮಾಡಿದೀನಿ. ಗುಂಡಿ ತೋಡೋಕೆ ಇನ್ನೊಬ್ರು ಬೇಕು."

"ಬರ್ತೀನಿ ಭಾವ."

"ಅದರ ಮುಂದಿನ ಶನಿವಾರ?"

"ಅವತ್ತೂ ಗುಂಡೀನಾ?"

"ಗುಂಡಿ ಒಂದೇ ದಿನಕ್ಕೆ ಮುಗಿಯತ್ತೆ" ಎಂದರು ಭಾವ. "ಅವತ್ತು ಸುಮ್ನೆ ಬಾ."