ಮೈಕ್ ಪರೀಕ್ಷೆಗೆ ಪರವಾನಗಿ ಬೇಕಿಲ್ಲ

ನಮ್ಮ ಬಡಾವಣೆಯ ಮೂಲೆ ಬಾರ್‌ನಲ್ಲಿ ಸಂಗೀತ ಕಾರ್ಯಕ್ರಮಗಳು ಅತ್ಯಂತ ಯಶಸ್ವಿಯಾಗಿ ನಡೆಯುತ್ತಿದ್ದು, ಅವುಗಳಲ್ಲಿ ಸಂಗೀತ ಇರುವುದಿಲ್ಲ ಎಂಬುದನ್ನು ಈ ಮೂಲಕ ಸಾರ್ವಜನಿಕರ ಗಮನಕ್ಕೆ ತರಲಾಗಿದೆ.

ಬಾರ್ ನಾವೆಲ್ಲ ಚಿಕ್ಕಮ್ಮ ಎಂದು ಕರೆಯುವವಳದು. ಯಾವ ವಾರ ಯಾರು ಹಾಡಬೇಕೆಂದು ಗೊತ್ತುಮಾಡುವವನು ಅವಳ ಅಕ್ಕನ ಮಗ. ತಾನೂ ಹಾಡು ಕಟ್ಟಿ ಗಿಟಾರ್ ಹಿಡಿದು ಹಾಡುವವನೇ. ಆದರೆ ಊರಿಗೆಲ್ಲ ವೇದಿಕೆ ಕೊಟ್ಟವನ ಸ್ವಂತ ಹಾಡು ಒಂದೂ ಪೂರ್ತಿಯಾಗಿರಲಿಲ್ಲ. ಎರಡು ಸಾಲು ಬರೆಯುವಷ್ಟರಲ್ಲಿ ಯಾರೋ ಡ್ರಮ್ಮಿನವನ ಫೋನ್ ಬರುವುದು, ಹಾಡು ಮೂಲೆ ಸೇರುವುದು. ಹೆಂಡತಿ ರೋಸಿಹೋಗಿ ತವರಿಗೆ ಹೊರಟಳು. "ಒಂದನ್ನಾದ್ರೂ ಜನರ ಮುಂದೆ ಪೂರ್ತಿ ಮಾಡಿ ತೋರಿಸು, ಆಮೇಲೆ ಬರ್ತೀನಿ" ಎಂದು ಬಾಗಿಲಲ್ಲೇ ಹೇಳಿಹೋದಳು. ಅವನು ಆ ವಾರವೇ ಅವಳ ಮೇಲೊಂದು ಹಾಡು ಬರೆದು ಮುಗಿಸಿದ. ಪಕ್ಕದ ಮನೆಯವನಾದ ನಾನು ಗೋಡೆಗೆ ಕಿವಿಗೊಟ್ಟು ಕೇಳಿ ಕಣ್ಣೊರೆಸಿಕೊಂಡಿದ್ದೇನೆ.

ಅಷ್ಟರಲ್ಲಿ ನಗರಸಭೆಯ ಶಬ್ದಾಧಿಕಾರಿಗಳು ಬಾರ್‌ಗೆ ದಯಮಾಡಿಸಿದರು. ಇನ್ನು ಹಾಡಬೇಕಾದರೆ ಪರವಾನಗಿ ಬೇಕು. ಪರವಾನಗಿ ಬೇಕಾದರೆ, ಸದರಿ ಸಂಗೀತದಿಂದ ಯಾವುದೇ ಶಬ್ದ ಹೊರಡುವುದಿಲ್ಲವೆಂಬ ದೃಢೀಕರಣ ಬೇಕು.

"ಶಬ್ದ ಇಲ್ದೆ ಹೇಗೆ ಸಾರ್ ಹಾಡೋದು?" ಎಂದ ಹಾಡುಗಾರ.

"ಅದು ನಿಮ್ಮ ಕಷ್ಟ. ಪ್ರತಿಭೆ ಇದ್ರೆ ಆಗುತ್ತೆ."

"ನನ್ನ ವ್ಯಾಪಾರದ ಗತಿ ಏನ್ ಸ್ವಾಮಿ?" ಎಂದಳು ಚಿಕ್ಕಮ್ಮ.

ಅಧಿಕಾರಿಗಳು ಕರಗಿದರು. "ಮೈಕ್ ಟೆಸ್ಟ್ ಮಾಡ್ಬಹುದು ನೋಡಿ ಅಮ್ಮ. ಪರೀಕ್ಷೆ ಅನ್ನೋದು ಕಾರ್ಯಕ್ರಮ ಅಲ್ಲ. ಎಷ್ಟು ಹೊತ್ತಾದ್ರೂ ಮಾಡಿ. ಮೈಕ್ ಮಾತ್ರ ಅಧಿಕೃತ ಅಂಗಡೀದೇ ಆಗಿರ್ಬೇಕು."

ಅಧಿಕೃತ ಅಂಗಡಿ ಊರಿಗೆಲ್ಲ ಒಂದೇ ಇತ್ತು. ಅದು ಅಧಿಕಾರಿಗಳ ಭಾವಮೈದುನನದಾಗಿದ್ದುದು ಶುದ್ಧ ಕಾಕತಾಳೀಯ.

ಆ ಶನಿವಾರದ ಗಾಯಕಿ ವೇದಿಕೆ ಹತ್ತಿ, "ಹಲೋ, ಹಲೋ, ಮೈಕ್ ಟೆಸ್ಟಿಂಗ್, ಒನ್, ಟೂ, ತ್ರೀ" ಎಂದು ಇಳಿದಳು. ಜನ ಗ್ಲಾಸ್ ಕೆಳಗಿಟ್ಟು ಚಪ್ಪಾಳೆ ತಟ್ಟಿದರು. ಹಿಂದಿನ ಕಛೇರಿಗಳಿಗಿಂತ ಬೇಗ ಮುಗಿದದ್ದೂ ಒಂದು ಕಾರಣವಿರಬಹುದು. ಬರಬರುತ್ತಾ ಎಲ್ಲರಿಗೂ ರುಚಿ ಹತ್ತಿತು. ಮೈಕಿಗೆ ಉಫ್ ಎಂದು ಊದುವವರದು ಒಂದು ಪಂಥವಾದರೆ ಬೆರಳಿನಿಂದ ತಟ್ಟುವವರದು ಇನ್ನೊಂದಾಯಿತು. 'ಟೂ'ನಿಂದ ಆರಂಭಿಸಿದ ಒಬ್ಬನನ್ನು ಹಿರಿಯರು ಪರಂಪರೆಯ ದ್ರೋಹಿ ಎಂದು ಬೈದರು. ಮರುವಾರ ಅವನ ಟಿಕೆಟ್ಟೇ ಹೆಚ್ಚು ಖರ್ಚಾಯಿತು. ಗೋಡೆಗೆ ಪ್ರಕಟಣೆ ಬಂತು: 'ಪರೀಕ್ಷೆ ನಡೆಯುವಾಗ ಪ್ರೇಕ್ಷಕರು ಗುನುಗಬಾರದು. ರಾಗವಾಗಿ ಕೆಮ್ಮುವವರನ್ನು ಹೊರಗೆ ಕಳಿಸಲಾಗುವುದು.'

ಇದನ್ನೆಲ್ಲ ಗೊತ್ತುಮಾಡುತ್ತಿದ್ದವನು ನಮ್ಮ ಹಾಡುಗಾರನೇ. ಒಳಗೊಳಗೇ ಬೆಂದುಹೋಗುತ್ತಿದ್ದ. ಕೊನೆಗೊಂದು ದಿನ, "ಏನಾದ್ರೂ ಆಗ್ಲಿ ಚಿಕ್ಕಮ್ಮ, ಈ ವಾರ ನಾನು ಹಾಡೇ ಹಾಡ್ತೀನಿ. ಅವಳಿಗೂ ಬಾ ಅಂದಿದೀನಿ" ಎಂದ.

"ಹಾಡ್ಕೋ. ಮೊದ್ಲು ಟೆಸ್ಟ್ ಮಾಡ್ಬಿಡು. ಜನ ದುಡ್ಡು ಕೊಟ್ಟು ಬಂದಿರ್ತಾರೆ."

ಹೆಂಡತಿ ಬಂದು ಮುಂದಿನ ಮೇಜಿನಲ್ಲಿ ಕೂತಳು. ಅವಳನ್ನು ಕಂಡದ್ದೇ ಅವನು ವೇದಿಕೆ ಹತ್ತಿದ. ಹೇಗೋ "ಒನ್, ಟೂ, ತ್ರೀ" ಮುಗಿಸಿ ಗಿಟಾರ್ ಎತ್ತಿಕೊಂಡು ಹಾಡತೊಡಗಿದ. ಮೊದಲ ಸಾಲಿಗೆ ಜನ ಮುಖ ಮುಖ ನೋಡಿಕೊಂಡರು. ಎರಡನೆಯದಕ್ಕೆ ಹಿಂದಿನಿಂದ ಯಾರೋ ಕೂಗಿದರು: "ರೀ ಮೈಕಿನವರೇ, ಇದ್ರಲ್ಲಿ ಏನೋ ಹಾಡು ಬರ್ತಾ ಇದೆ, ಸ್ವಲ್ಪ ನೋಡ್ರೀ!"

ಭಾವಮೈದುನ ಓಡಿಬಂದು ವೈರ್ ಕಿತ್ತು, ಒರೆಸಿ, ಮತ್ತೆ ಸಿಕ್ಕಿಸಿದ. ಹಾಡು ಬರುತ್ತಲೇ ಇತ್ತು. ಬೇರೆ ಮೈಕ್ ತಂದಿಟ್ಟ. ಅದರಲ್ಲೂ ಹಾಡೇ. ಕೊನೆಗೆ ಮೂಲೆಯ ಮೇಜಿನಲ್ಲಿ ಕೂತಿದ್ದ ಅಧಿಕಾರಿಗಳೇ ಎದ್ದುಹೋಗಿ ಮೇನ್ ಸ್ವಿಚ್ ಆರಿಸಿದರು. ಆ ಕತ್ತಲೆಯಲ್ಲಿ ಅವನು ಬರೀ ಗಂಟಲಿನಲ್ಲಿ ಕೊನೆಯ ಸಾಲಿನವರೆಗೂ ಹಾಡಿದ. ದೀಪ ಬಂದ ಮೇಲೆ ಚಿಕ್ಕಮ್ಮ ತಾಂತ್ರಿಕ ದೋಷಕ್ಕೆ ವಿಷಾದಿಸಿ ಎಲ್ಲರಿಗೂ ಒಂದೊಂದು ಗ್ಲಾಸ್ ಬಿಟ್ಟಿ ಕೊಡಿಸಿದಳು. ನಾನೂ ತೆಗೆದುಕೊಂಡೆ.

ಹೆಂಡತಿಯ ಕಣ್ಣು ಒದ್ದೆಯಾಗಿತ್ತು. "ಕೊನೆಗೂ ಒಂದನ್ನ ಪೂರ್ತಿ ಮಾಡಿದೆ ಕಣೋ. ನಡಿ, ಮನೆಗೆ ಹೋಗೋಣ" ಎಂದಳು.

ಅವನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. "ಯಾವ ಸಾಲು ಹಿಡಿಸ್ತು?"

"ಆ 'ತ್ರೀ' ಅಂದ್ಯಲ್ಲ, ಎದೆ ಹಿಂಡಿದ ಹಾಗಾಯ್ತು. ಆಮೇಲೆ ಮೈಕ್ ಕೈಕೊಡ್ತು, ಬಿಡು. ಅದಕ್ಕೆ ನೀನೇನ್ ಮಾಡ್ತೀಯ."

ಅವನು ಗಿಟಾರನ್ನು ಚೀಲಕ್ಕೆ ಹಾಕಿದ. ಆಮೇಲೆ ಮುಂದಿನ ಶನಿವಾರಕ್ಕೆ ತನ್ನನ್ನೇ ಗೊತ್ತುಮಾಡಿಕೊಂಡ. 'ಹಲೋ' ಇನ್ನೂ ಸ್ವಲ್ಪ ಪಳಗಬೇಕು ಎಂದು ಅವನಿಗೂ ಅನ್ನಿಸಿತ್ತು.