ಬಿಳಿ ಹೇಂಟೆಯ ಆಯುಷ್ಯ

ಪಿಯುಸ್ ಮಾಸ್ತರರಿಗೆ ಬಂದ ಗ್ರಹಚಾರಕ್ಕೆಲ್ಲ ಕಾರಣ, ಕರಿಹಲಗೆಯ ಮೇಲೆ ಅವರೇ ಎಳೆದ ಒಂದು ಉದ್ದ ಗೆರೆ.

ದೇರೆಬೈಲಿನ ಆ ಪ್ರಾಥಮಿಕ ಶಾಲೆಯಲ್ಲಿ ಅವರ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಇವತ್ತು ಮಧ್ಯಾಹ್ನದ ಮೇಲೆ ಇನ್ಸ್‌ಪೆಕ್ಟರು ಬಂದು ನಾಲ್ಕನೆಯ ಕ್ಲಾಸಿನ ಲೆಕ್ಕದ ಪಾಠ ನೋಡುವವರಿದ್ದರು. ವರದಿ ಒಳ್ಳೆಯದಾದರೆ ಖಾಯಂ, ಇಲ್ಲವಾದರೆ ಮನೆ. ಆಣೆ ಹೋಗಿ ನಯೇ ಪೈಸೆ ಬಂದು ದೊಡ್ಡವರೇ ಲೆಕ್ಕಕ್ಕೆ ಬೆವರುತ್ತಿದ್ದ ಕಾಲ. ಹಾಗಾಗಿ ಮಾಸ್ತರರು ದುಡ್ಡಿನ ಸಹವಾಸ ಬಿಟ್ಟು, ಪ್ರಾಣಿಗಳ ಆಯುಷ್ಯ ಹಿಡಿದು ಸರಾಸರಿ ಕಲಿಸಲು ಹೊರಟಿದ್ದರು. ಆನೆಗೆ ಉದ್ದ ಗೆರೆ, ದನಕ್ಕೆ ಗಿಡ್ಡ, ನಾಯಿಗೆ ಇನ್ನೂ ಗಿಡ್ಡ. ಹೋದ ವಾರ ಕೋಳಿಗೆ ಪುಸ್ತಕದಲ್ಲಿದ್ದಂತೆ ಎಂಟು ವರ್ಷದ ಗೆರೆ ಎಳೆದದ್ದೇ ತಡ, ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು.

"ಎಂಟು ವರ್ಷವಾ ಮಾಸ್ಟ್ರೇ?" ಎಂದ ಅಂಗಡಿ ಅಬ್ದುಲ್ಲಾಕನ ಮಗ ಕಬೀರ್. "ನಮ್ಮಲ್ಲಿ ಭಾವ ಬರುವವರೆಗೆ ಮಾತ್ರ."

"ನಮ್ಮಲ್ಲಿ ಭೂತಕೋಲದವರೆಗೆ," ಎಂದ ಕಿಟ್ಟು.

"ಸರಿ, ನಿಮ್ಮ ನಿಮ್ಮ ಮನೆಯಲ್ಲೇ ಕೇಳಿಕೊಂಡು ಬನ್ನಿ. ಬಾಯಿಗೆ ಬಂದದ್ದು ಬೇಡ. ಒಂದೊಂದು ಕೋಳಿಗೂ ಒಬ್ಬ ಸಾಕ್ಷಿ ಬೇಕು. ನಮ್ಮ ಕೋಳಿಗೆ ನಾವೇ ಸಾಕ್ಷಿ ಆಗ್ಲಿಕ್ಕಿಲ್ಲ," ಎಂದರು ಮಾಸ್ತರರು.

ಮರುದಿನ ಹಲಗೆಯ ತುಂಬ ಇರುವೆ ಸಾಲಿನ ಹಾಗೆ ಪುಟ್ಟ ಪುಟ್ಟ ಗೆರೆಗಳು ಬಿದ್ದವು. ಸರಾಸರಿ ಒಂದು ವರ್ಷಕ್ಕೂ ಮುಟ್ಟಲಿಲ್ಲ. ಮಾಸ್ತರರಿಗೆ ಸಂಕಟವೇ ಆಯಿತು. "ಎಷ್ಟು ಬದುಕಬಹುದು ಎಂಬುದು ಒಂದು ಲೆಕ್ಕ, ಎಷ್ಟು ಬದುಕಲಿಕ್ಕೆ ಬಿಡ್ತಾರೆ ಎಂಬುದು ಬೇರೆಯೇ ಲೆಕ್ಕ ಮಕ್ಕಳೇ," ಎಂದು, ಕೊನೆಗೆ ತಮ್ಮ ಮನೆಯ ಬಿಳಿ ಹೇಂಟೆಗೆ ಏಳು ವರ್ಷದ ಗೆರೆಯನ್ನು ಹೆಮ್ಮೆಯಿಂದ ಎಳೆದರು.

ಅದಕ್ಕೊಂದು ಕತೆಯುಂಟು. ಏಳು ವರ್ಷದ ಹಿಂದೆ ಮಾಸ್ತರರು ಟೈಫಾಯಿಡ್ ಬಂದು ಮಲಗಿದ್ದಾಗ, ಹೆಂಡತಿ ಗೆರ್ಟ್ರೂಡ್ ಸೂಪು ಮಾಡಲೆಂದು ಆ ಹೇಂಟೆಯನ್ನು ತಂದು ಮಂಚದ ಕಾಲಿಗೆ ಕಟ್ಟಿದ್ದಳು. ಅದು ಕತ್ತು ಓರೆ ಮಾಡಿ ಮಾಸ್ತರರನ್ನೇ ನೋಡಿತು. ಜ್ವರದಲ್ಲೇ ಅವರು ಹೆಂಡತಿಯ ಕೈ ಹಿಡಿದು, "ಇದನ್ನು ಕೊಯ್ಯಬೇಡ," ಎಂದು ಅತ್ತಿದ್ದರು. "ಆಯ್ತು ಮಾರಾಯ್ರೆ, ಕೊಯ್ಯುವುದಿಲ್ಲ," ಎಂದಿದ್ದಳು ಗೆರ್ಟ್ರೂಡ್.

ಇವತ್ತು ಬೆಳಿಗ್ಗೆ ಕಬೀರ್ ಎದ್ದು ನಿಂತ. "ಮಾಸ್ಟ್ರೇ, ನಿಮ್ಮ ಕೋಳಿಗೆ ಸಾಕ್ಷಿ ಯಾರು?"

ಇನ್ಸ್‌ಪೆಕ್ಟರೂ ಇದನ್ನೇ ಕೇಳಿದರೆ? ಕೋಳಿಯನ್ನೇ ತಂದು ನಿಲ್ಲಿಸುವುದು ಒಳ್ಳೆಯದೆಂದು ಮಾಸ್ತರರು ಮಧ್ಯಾಹ್ನ ಮನೆಗೆ ಓಡಿದರು.

"ಕೋಳಿಯನ್ನು ಶಾಲೆಗಾ? ನಿಮಗೆ ಎಂತ ತಲೆ ಕೆಟ್ಟಿದಾ?" ಗೆರ್ಟ್ರೂಡ್ ಬಾಗಿಲಿಗೆ ಅಡ್ಡ ನಿಂತಳು. "ಈ ಬಿಸಿಲಿಗೆ ಬೇಡ. ಪಾಪ, ಪ್ರಾಯ ಆದದ್ದು."

ಮಾಸ್ತರರ ಕಣ್ಣು ತುಂಬಿತು. ಇವಳಿಗೂ ಅದರ ಮೇಲೆ ಎಷ್ಟು ಪ್ರೀತಿ! ಆದರೂ ಹೇಂಟೆಯನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟೇಬಿಟ್ಟರು.

ಶಾಲೆಯ ಪಕ್ಕದ ಅಂಗಡಿಯಿಂದ ಅಬ್ದುಲ್ಲಾಕ ಕೂಗಿದರು. ಮಾಸ್ತರರ ನೆರೆಮನೆಯವರು, ಊರಿಗೆಲ್ಲ ಉಪಕಾರ ಮಾಡದೆ ನಿದ್ದೆ ಬಾರದ ಮನುಷ್ಯ. "ಮಾಸ್ಟ್ರೇ, ಕೋಳಿ ಇನ್ಸ್‌ಪೆಕ್ಟರಿಗಾ?"

"ಹೌದು ಅಬ್ದುಲ್ಲಾಕ, ಅವರಿಗೇ!" ಎಂದು ಮಾಸ್ತರರು ನಿಲ್ಲದೆ ನಡೆದರು.

ಸ್ವಲ್ಪ ಹೊತ್ತಿನಲ್ಲಿ ಇನ್ಸ್‌ಪೆಕ್ಟರು ಅದೇ ಅಂಗಡಿಯಲ್ಲಿ ಶಾಲೆಯ ದಾರಿ ಕೇಳಿದರು. "ನಿಮ್ಮ ಭಾಗ್ಯ ಸಾರ್," ಎಂದರು ಅಬ್ದುಲ್ಲಾಕ. "ಮಾಸ್ಟ್ರು ನಿಮಗೋಸ್ಕರ ಮನೆಯ ಕೋಳಿಯನ್ನೇ ತಂದಿದ್ದಾರೆ."

ಕ್ಲಾಸಿಗೆ ಬರುವಾಗ ಇನ್ಸ್‌ಪೆಕ್ಟರ ಮುಖ ಕೆಂಡವಾಗಿತ್ತು. "ಕೋಳಿ ಕೊಟ್ಟು ಖಾಯಂ ಮಾಡಿಸಿಕೊಳ್ಳುವ ಅಂದಾಜೋ? ಇದನ್ನೇ ವರದಿಯಲ್ಲಿ ಬರೀತೇನೆ!"

"ಅಯ್ಯೋ ದೇವರೇ! ಇದು ತಿನ್ಲಿಕ್ಕೆ ಅಲ್ಲ ಸಾರ್, ಲೆಕ್ಕಕ್ಕೆ!" ಮಾಸ್ತರರು ಹಲಗೆ ತೋರಿಸಿದರು. "ಏಳು ವರ್ಷದ ಹೇಂಟೆ. ನಾನೇ ಸಾಕಿದ್ದು."

"ಸಾಕ್ಷಿ ಬೇಕು ಮಾಸ್ಟ್ರೇ!" ಎಂದು ಮಕ್ಕಳೆಲ್ಲ ಒಟ್ಟಿಗೆ ಕೂಗಿದರು.

ಅಷ್ಟರಲ್ಲಿ ಇನ್ಸ್‌ಪೆಕ್ಟರಿಗೆಂದು ಸೋಡಾ ಹಿಡಿದುಕೊಂಡು ಅಬ್ದುಲ್ಲಾಕ ಬಂದರು. ಮಾಸ್ತರರಿಗೆ ಹೋದ ಜೀವ ಬಂದಂತಾಯಿತು. "ಇಗೊಳ್ಳಿ, ನನ್ನ ನೆರೆಮನೆಯವರೇ ಬಂದರು. ಅಬ್ದುಲ್ಲಾಕ, ಇದು ಲಂಚದ ಕೋಳಿಯಾ? ಹೇಳಿ!"

ತನ್ನ ಮಾತಿನಿಂದ ಎಂತ ಅನಾಹುತ ಆಯಿತೆಂದು ಅಬ್ದುಲ್ಲಾಕನಿಗೆ ಆಗ ಹೊಳೆಯಿತು. ಹೇಗಾದರೂ ಮಾಸ್ತರರನ್ನು ಉಳಿಸಬೇಕು. "ಹುಟ್ಟಿಸಿದವನಾಣೆ ಅಲ್ಲ ಸಾರ್! ಇದು ಅವರ ಮನೆಯದ್ದೇ. ನನ್ನ ಹೆಂಡತಿ ಬೀಫಾತಿಮ್ಮ ಹೋದ ಕ್ರಿಸ್ಮಸಿಗೆ ಕೊಟ್ಟದ್ದು. ಗೆರ್ಟ್ರೂಡ್ ಬಾಯಮ್ಮ ವರ್ಷ ವರ್ಷ ಹಳೆಯದ್ದನ್ನು ಹಬ್ಬಕ್ಕೆ ಕೊಯ್ದು, ನಮ್ಮಿಂದ ಅಂಥದ್ದೇ ಬಿಳಿಯದ್ದು ತಕೊಳ್ಳುವ ಕ್ರಮ ಉಂಟು. ಮಾಸ್ಟ್ರಿಗೆ ಮಾತ್ರ ಗೊತ್ತಾಗಬಾರದು ಅಂತ..."

ಅಬ್ದುಲ್ಲಾಕ ನಾಲಿಗೆ ಕಚ್ಚಿಕೊಂಡರು. ಇನ್ಸ್‌ಪೆಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ಮುಗಿದ ಮೇಲೆ ಹಲಗೆಯನ್ನೊಮ್ಮೆ ನೋಡಿ, "ಸಾಕ್ಷಿ ಇಲ್ಲದೆ ನಂಬದ ಮಕ್ಕಳನ್ನು ನಾನು ಬೇರೆ ಎಲ್ಲಿಯೂ ನೋಡಲಿಲ್ಲ. ಒಳ್ಳೆಯ ವರದಿಯೇ ಬರೀತೇನೆ. ಆದರೆ ಮೊದಲು ಆ ಗೆರೆ ಸರಿ ಮಾಡಿ," ಎಂದರು.

ಕಿಟ್ಟು ಉದ್ದ ಗೆರೆ ಒರೆಸಿ ಏಳು ಪುಟ್ಟ ಗೆರೆ ಎಳೆದ. ಕಬೀರ್ ಪುನಃ ಭಾಗಿಸಿದ. ಸರಾಸರಿ ಮತ್ತೆ ಕೆಳಗಿಳಿಯಿತು. ಪ್ರತಿ ಕ್ರಿಸ್ಮಸಿಗೂ ಸಾರು ಎರಡೆರಡು ಸಲ ಬಡಿಸಿಕೊಂಡದ್ದು ಮಾಸ್ತರರಿಗೆ ನೆನಪಾಯಿತು.

ಸಂಜೆ ಅವರು ಹೇಂಟೆಯನ್ನು ಎತ್ತಿಕೊಂಡು ಮನೆಗೆ ಬಂದಾಗ ಗೆರ್ಟ್ರೂಡ್ ಮುಖ ನೋಡಿಯೇ ಎಲ್ಲ ತಿಳಿದುಕೊಂಡಳು.

"ಆ ಮೊದಲನೆಯದ್ದು," ಮಾಸ್ತರರು ಕೇಳಿದರು, "ಅದನ್ನು ಯಾವ ಕ್ರಿಸ್ಮಸಿಗೆ ಕೊಯ್ದದ್ದು?"

"ಕ್ರಿಸ್ಮಸಿಗಲ್ಲ. ನೀವು ಅತ್ತ ದಿವಸವೇ." ಅವಳ ಸ್ವರ ಸಣ್ಣದಾಯಿತು. "ಸೂಪು ಒಳಗೆ ಹೋಗದಿದ್ರೆ ಮನುಷ್ಯ ಉಳಿಯುವುದಿಲ್ಲ ಅಂತ ಡಾಕ್ಟ್ರು ಹೇಳಿದ್ರು. ನಾನು ಕೋಳಿಯ ಆಯುಷ್ಯ ನೋಡುವುದಾ, ನಿಮ್ಮದಾ?"

ಮಾಸ್ತರರು ಜಗಲಿಯಲ್ಲಿ ಕುಳಿತುಬಿಟ್ಟರು. ಏಳು ವರ್ಷ ಬದುಕಿ ಉಳಿದದ್ದು ಯಾರೆಂದು ಈಗ ತಿಳಿಯಿತು. ಹೇಂಟೆ ಅವರ ಮಡಿಲಲ್ಲಿ ಕತ್ತು ಓರೆ ಮಾಡಿ ಅವರನ್ನೇ ನೋಡಿತು.

"ಗೆರ್ಟ್ರೂಡ್, ಇದನ್ನಾದರೂ ಕೊಯ್ಯಬೇಡ," ಎಂದರು.

"ಆಯ್ತು ಮಾರಾಯ್ರೆ, ಕೊಯ್ಯುವುದಿಲ್ಲ," ಎಂದಳು ಗೆರ್ಟ್ರೂಡ್, ಏಳು ವರ್ಷದ ಹಿಂದಿನ ಅದೇ ಸ್ವರದಲ್ಲಿ.