ಎರಡಿಂಚೋ, ನಾಲ್ಕಿಂಚೋ?

ಎತ್ತರಕ್ಕೆ ಏರಿಸಿದ್ದೆಲ್ಲ ಒಂದಲ್ಲ ಒಂದು ದಿನ ಉರುಳಿ ಬೀಳುತ್ತದೆ ಎಂಬ ಯೋಚನೆ ಪುಟ್ಟಿಯ ಅಮ್ಮನ ತಲೆ ಹೊಕ್ಕು ವಾರವಾಗಿತ್ತು. ಹೊಕ್ಕಿದ್ದು ಸುಮ್ಮನೆ ಬಂದು ಹೋಗುವ ಯೋಚನೆಯಲ್ಲ. ಚಪ್ಪಲಿ ಬಿಟ್ಟು, ಕಾಲು ಚಾಚಿ, ಅಲ್ಲೇ ಸಂಸಾರ ಹೂಡುವ ಜಾತಿಯದು. ಬೀರುವಿನ ಮೇಲಿನ ಸೂಟ್‌ಕೇಸ್ ನೋಡಿದರೂ ಅವಳಿಗೆ ಗಂಡನ ಟ್ರಕ್ಕೇ ಕಾಣುತ್ತಿತ್ತು. ಪುಟ್ಟಿ ಡಬ್ಬಿಯ ಮೇಲೆ ಡಬ್ಬಿ ಪೇರಿಸಿ ಚಪ್ಪಾಳೆ ತಟ್ಟಿದರೆ, ತಾಯಿಯಾದವಳು ಎದೆ ಹಿಡಿದುಕೊಂಡು ಕಣ್ಣು ಮುಚ್ಚುತ್ತಿದ್ದಳು.

ಇದಕ್ಕೆಲ್ಲ ಕಾರಣ ಗಂಡ. (ಸಂಸಾರದ ಯಾವ ಕಷ್ಟದ ಬುಡ ಅಗೆದರೂ ಕೊನೆಗೆ ಸಿಗುವುದು ಗಂಡನೇ ಎಂಬುದು ಅವಳ ಸ್ವಂತ ಸಂಶೋಧನೆ.) ಫೋನ್ ಟವರ್‌ಗಳನ್ನು ರಿಪೇರಿ ಮಾಡುವ ಕೆಲಸ ಅವನದು. ಅರ್ಧ ದಿನ ಹೆದ್ದಾರಿ, ಉಳಿದರ್ಧ ಗುಡ್ಡ ಹತ್ತುವ ದಾರಿ. ದಾರಿ ಎಂದರೆ, ಅದನ್ನು ದಾರಿ ಎಂದು ಕರೆದರೆ ಉಳಿದ ದಾರಿಗಳು ಮಾನನಷ್ಟ ಮೊಕದ್ದಮೆ ಹೂಡಬಹುದಾದಂಥದು. ಅವನ ಟ್ರಕ್ಕಿನ ಹೊಟ್ಟೆ ಅಲ್ಲಿನ ಕಲ್ಲುಗಳಿಗೆಲ್ಲ ಒಂದೊಂದು ಸಲ ಮುತ್ತಿಕ್ಕಿ ಬರುತ್ತಿತ್ತು. ಆದ್ದರಿಂದ ಟ್ರಕ್ಕನ್ನು ಎತ್ತರಿಸುವುದೆಂದು ಅವನು ಊಟದ ಮೇಜಿನಲ್ಲಿ ಘೋಷಿಸಿದ.

"ಎತ್ತರಿಸೋದು ಅಂದ್ರೆ? ಜಾಕ್ ಹಾಕಿ ಎತ್ತೋದೇನೋ?" ಅತ್ತೆ ಕೇಳಿದರು.

"ಅಲ್ಲಮ್ಮಾ, ಶಾಶ್ವತವಾಗಿ. ಸಸ್ಪೆನ್ಷನ್ ಲಿಫ್ಟ್ ಅಂತಾರೆ. ಚಕ್ರಕ್ಕೂ ಬಾಡಿಗೂ ಮಧ್ಯೆ ಸ್ಪ್ರಿಂಗು, ಶಾಕ್ ಅಬ್ಸಾರ್ಬರು ಇರುತ್ತಲ್ಲ, ಅವನ್ನ ಬದಲಾಯಿಸಿದ್ರೆ ಗಾಡಿ ಮೇಲೇಳುತ್ತೆ."

"ಗಾಡಿಗೆ ಲಿಫ್ಟ್ ಹಾಕಿಸ್ತಾನಂತೆ ಕಣೇ! ಮೂರು ಮಹಡಿ ಹತ್ತಿ ಹತ್ತಿ ನನ್ನ ಮಂಡಿ ಸವೆದುಹೋಯ್ತು, ಈ ಕಟ್ಟಡಕ್ಕೊಂದು ಲಿಫ್ಟ್ ಹಾಕಿಸೋರು ಗತಿಯಿಲ್ಲ!"

ಪುಟ್ಟಿಯ ಅಮ್ಮ ನಗಲಿಲ್ಲ. ಅವಳ ಸಂಕಟವೇ ಬೇರೆ. ಎತ್ತದಿದ್ದರೆ ಟ್ರಕ್ಕು ಗುಡ್ಡದ ಕಲ್ಲಿನ ಮೇಲೆ ಕೂತುಬಿಡುತ್ತದೆ. ಎತ್ತಿದರೆ ಹೆದ್ದಾರಿಯ ತಿರುವಿನಲ್ಲಿ ಮಲಗಿಬಿಡುತ್ತದೆ. ಕೂತರೂ ಕಷ್ಟ, ಮಲಗಿದರೂ ಕಷ್ಟ. (ಮಗಳ ವಿಷಯದಲ್ಲಾದರೆ ಈ ಎರಡನ್ನೂ ಮಾಡಿಸಲು ಅವಳು ದಿನವಿಡೀ ಹರಸಾಹಸ ಪಡುತ್ತಿದ್ದಳು.)

ಬೇಡವೇ ಬೇಡ ಎಂದುಬಿಡಬಹುದಿತ್ತು. ಆದರೆ ಒಂದು ಆಸೆ ಅಡ್ಡ ಬಂದಿತ್ತು. ಎಲ್ಲಕ್ಕಿಂತ ದೂರದ ಟವರಿನ ಗುಡ್ಡದಾಚೆ ಒಂದು ಕೆರೆಯಿದೆ, ದಡದಲ್ಲಿ ಗುಡಾರ ಹಾಕಿ ಮಲಗಬಹುದು ಎಂದು ಗಂಡ ಮದುವೆಯಾದಾಗಿನಿಂದ ಹೇಳುತ್ತಿದ್ದ. ಪುಟ್ಟಿ ಹುಟ್ಟಿ ಎರಡು ವರ್ಷವಾಯಿತು. ಇವಳು ಕಂಡ ಅತಿ ದೂರದ ಪ್ರವಾಸಿ ತಾಣ ಮಕ್ಕಳ ಡಾಕ್ಟರ ಕ್ಲಿನಿಕ್ಕು. ಬರುವ ವಾರ ಎಲ್ಲರೂ ಹೋಗುವುದೆಂದು ಮಾತಾಗಿತ್ತು. ಟ್ರಕ್ಕು ಏಳದೆ ಅಲ್ಲಿಗೆ ಹೋಗುವಂತಿರಲಿಲ್ಲ. ಕೆರೆ ಬೇಕು, ಭಯ ಬೇಡ. ಎರಡೂ ಒಂದೇ ದಾರಿಯಲ್ಲಿದ್ದವು.

"ಎರಡಿಂಚು ಎತ್ತಬಹುದು, ನಾಲ್ಕಿಂಚೂ ಎತ್ತಬಹುದು," ಎಂದ ಗಂಡ. "ನಂಗೆ ನಾಲ್ಕು ಇಷ್ಟ. ಆದ್ರೆ ಆರಿಸೋದು ನೀನೇ."

"ನಾನ್ಯಾಕೆ? ನಂಗೇನ್ ಗೊತ್ತು?"

"ನಾನು ಎತ್ತಿಸಿದ್ರೆ ನೀನು ಜೀವನಪೂರ್ತಿ ಅದನ್ನೇ ಎತ್ತಿ ಆಡ್ತೀಯ. ಅದರ ಬದಲು ನೀನೇ ಎತ್ತಿಸಿಬಿಡು ಮಾರಾಯ್ತಿ."

ಕಾಲೇಜಿನಲ್ಲಿ ಪರೀಕ್ಷೆಗೆ ಒಂದು ತಿಂಗಳು ಮೊದಲೇ ಓದಿ ಮುಗಿಸಿ, ಉಳಿದ ದಿನಗಳನ್ನು ಮರೆತುಹೋದೀತೆಂಬ ಹೆದರಿಕೆಯಲ್ಲಿ ಕಳೆಯುತ್ತಿದ್ದ ಹುಡುಗಿ ಅವಳು. ಜವಾಬ್ದಾರಿ ಹೆಗಲೇರಿದ ಮೇಲೆ ಬಿಟ್ಟಾಳೆಯೇ? ಪುಟ್ಟಿಗೆ ತುತ್ತಿಡುವಾಗ ಒಂದು ವಿಡಿಯೊ, ಬಟ್ಟೆ ಮಡಚುವಾಗ ಇನ್ನೊಂದು. ಪ್ರಪಂಚದಲ್ಲಿ ಇಷ್ಟೊಂದು ಗಡ್ಡದ ಗಂಡಸರು ಟ್ರಕ್ಕಿನ ಕೆಳಗೆ ಮಲಗಿಕೊಂಡು ಮಾತಾಡುತ್ತಾರೆಂದು ಅವಳಿಗೆ ಗೊತ್ತೇ ಇರಲಿಲ್ಲ. ಒಬ್ಬ ಎರಡೇ ಸಾಕೆಂದ. ಒಬ್ಬ ನಾಲ್ಕಕ್ಕಿಂತ ಕಡಿಮೆ ಎತ್ತಿಸುವವನು ಸೈಕಲ್ ಕೊಳ್ಳಲಿ ಎಂದ. ಮೂರನೆಯವನು ಇಬ್ಬರಿಗೂ ಬೈದ. ಕೇಳಿ ಕೇಳಿ ಅವಳಿಗೊಂದು ಅಮೋಘವಾದ ಉಪಾಯ ಹೊಳೆಯಿತು: ನೋಡಿದರೆ ತಿಳಿಯುವುದಿಲ್ಲ, ಕೂತು ನೋಡಬೇಕು!

"ರೀ, ಸೋಫಾ ಎತ್ತಿ."

ಗಂಡನ ಬಳಿ ಹಲಗೆ ತುಂಡುಗಳಿಗೇನು ಬರವೇ? ಒಂದೊಂದು ಕಾಲಿನ ಕೆಳಗೂ ಎರಡಿಂಚು ಇಟ್ಟು, ಮಧ್ಯದಲ್ಲಿ ಅತ್ತೆಯನ್ನು ಕೂರಿಸಿ, ಪಕ್ಕದಲ್ಲಿ ತಾನೂ ಕೂತಳು. ಪುಟ್ಟಿಯನ್ನು ಮುಂಜಾಗ್ರತೆಯಾಗಿ ತೊಟ್ಟಿಲಲ್ಲಿ ಬಿಟ್ಟಿದ್ದಾಯಿತು. ಗಂಡ ಹಿಂದೆ ನಿಂತು ಸೋಫಾದ ಬೆನ್ನು ಹಿಡಿದ.

"ಹೆದ್ದಾರಿ!" ಎಂದು ಆಜ್ಞಾಪಿಸಿದಳು. ಅವನು ಮೆಲ್ಲಗೆ ಎಡಕ್ಕೆ, ಮೆಲ್ಲಗೆ ಬಲಕ್ಕೆ ತೂಗಿದ.

"ಗುಡ್ಡದ ದಾರಿ!" ಸೋಫಾ ಗಡಗಡ ನಡುಗಿತು. ಇವಳ ಬಲಗಾಲು ಇಲ್ಲದ ಬ್ರೇಕನ್ನು ಹುಡುಕಿ ನೆಲ ಒತ್ತಿತು.

"ಇನ್ನೊಂಚೂರು ಜೋರಾಗಿ ಅಲ್ಲಾಡಿಸೋ," ಎಂದರು ಅತ್ತೆ. "ಬೆನ್ನಿಗೆ ಹಿತವಾಗಿದೆ."

ನಾಲ್ಕಿಂಚಿಗೆ ಏರಿಸಿದಾಗ ಮನೆಯಲ್ಲಿ ಉತ್ಸಾಹ ಉಕ್ಕಿ ಹರಿಯಿತು. ತೊಟ್ಟಿಲಿನಿಂದ ಪುಟ್ಟಿ "ಡುರ್ರ್" ಎಂದು ಇಂಜಿನ್ ಶುರು ಮಾಡಿದಳು. "ತಿರುವು ಬಂತು, ತಿರುವು!" ಎಂದು ಗಂಡ ಎರಡು ಕೈ ಬಲ ಹಾಕಿದ. ಮುಂದಿನ ಕಾಲು ಹಲಗೆಯಿಂದ ಜಾರಿತು. ಸೋಫಾ ಧಡಾರನೆ ಮುಗ್ಗರಿಸಿ, ಅತ್ತೆ ಸೊಸೆಯ ಮೇಲೆ, ಸೊಸೆ ಕಾಲೊರೆಸುವ ಚಾಪೆಯ ಮೇಲೆ ಬಂದಿಳಿದರು.

"ಎರಡಾ ನಾಲ್ಕಾ, ಈ ಸಸ್ಪೆನ್ಷನ್ ಸಹವಾಸವೇ ಬೇಡ!" ಎಂದು ಅವಳು ಅಡಿಯಿಂದ ಕೂಗಿದ್ದು ಮೂರು ಮಹಡಿಗೂ ಕೇಳಿಸಿತು.

ಕರೆಗಂಟೆ ಸದ್ದಾಯಿತು. ಕೆಳಮನೆಯ ನಿವೃತ್ತ ಹೆಡ್‌ಕ್ಲರ್ಕು ಬಾಗಿಲಲ್ಲಿ ಮುಖ ಬಾಡಿಸಿಕೊಂಡು ನಿಂತಿದ್ದರು.

"ಕದ್ದು ಕೇಳಿದ್ದಲ್ಲಪ್ಪ, ಕಿವಿಗೆ ಬಿತ್ತು. ಸಸ್ಪೆನ್ಷನ್ ಅಂತೆ?"

"ಹೌದು ಸರ್!" ಗಂಡ ಹಲ್ಲು ಬಿಟ್ಟ.

"ಎಷ್ಟು?"

"ಎರಡಾ ನಾಲ್ಕಾ ಅಂತ ಒದ್ದಾಡ್ತಿದೀವಿ. ಇವಳಿಗೇ ಬಿಟ್ಟಿದೀನಿ. ಇವಳು ಎಷ್ಟು ಹೇಳಿದ್ರೆ ಅಷ್ಟು."

ಹೆಡ್‌ಕ್ಲರ್ಕು ಚಾಪೆಯ ಮೇಲಿದ್ದ ಪುಟ್ಟಿಯ ಅಮ್ಮನನ್ನು ಹೊಸ ಗೌರವದಿಂದ ನೋಡಿದರು. "ಹೆಂಡತೀನ ಕೇಳಿ ಸಸ್ಪೆಂಡ್ ಮಾಡೋ ಆಫೀಸನ್ನ ನನ್ನ ಸರ್ವೀಸಲ್ಲೇ ಕಂಡಿಲ್ಲ. ತಾಯಿ, ಎರಡೇ ತಿಂಗಳು ಅಂತ ಹೇಳಿ. ನಾಲ್ಕಾದ್ರೆ ಗಂಡಸು ಮನೇಲಿ ಕೂತು ಕೂತು ಕೆಟ್ಟುಹೋಗ್ತಾನೆ."

"ನಾಲ್ಕೇ ಇರ್ಲಿ ಬಿಡಿ," ಎಂದರು ಅತ್ತೆ ಎದ್ದು ಸೀರೆ ಕೊಡವುತ್ತಾ. "ಕೂತ್ರೆ ಎಷ್ಟು ಆರಾಮ ಅಂತೀರಾ!"

ವಿಷಯ ಟ್ರಕ್ಕಿನದು ಎಂದು ತಿಳಿಸಿ ಹೇಳಲು ಒಂದು ಲೋಟ ಕಾಫಿ ಖರ್ಚಾಯಿತು. ಮನವಿ ಪತ್ರ ಬರೆದುಕೊಡುವ ಅವಕಾಶ ತಪ್ಪಿತೆಂದು ಹೆಡ್‌ಕ್ಲರ್ಕು ತುಸು ನಿರಾಶರಾಗಿಯೇ ಮೆಟ್ಟಿಲಿಳಿದರು.

ಮರುದಿನ ಎಲ್ಲರೂ ವರ್ಕ್‌ಶಾಪಿಗೆ ಹೋದರು. ಅದರ ಒಡೆಯನಿಗೆ ಎಲ್ಲರೂ ಸ್ಪ್ರಿಂಗ್ ಮಾಮ ಎನ್ನುತ್ತಿದ್ದರು. ಸದಾ ತುದಿಗಾಲಲ್ಲಿ ಪುಟಿಯುತ್ತಲೇ ಮಾತಾಡುವ, ಮಾತಾಡುವುದನ್ನು ಎಂದೂ ನಿಲ್ಲಿಸದ ಆಸಾಮಿ. ಮೂಲೆಯಲ್ಲಿ ಅವನದೇ ಟ್ರಕ್ಕು, ನಾಲ್ಕಿಂಚು ಎತ್ತಿದ್ದು, ಸೊಂಟದ ಮೇಲೆ ಕೈಯಿಟ್ಟು ನಿಂತ ಪೈಲ್ವಾನನಂತೆ ನಿಂತಿತ್ತು.

"ಹತ್ತಿ ಮೇಡಂ! ಹತ್ತಿ ಇಳಿದ ಮೇಲೆ ಮಾತು. ಇಳಿಯೋಕೆ ಮನಸ್ಸು ಬಂದ್ರೆ!"

ಪುಟ್ಟಿಯನ್ನು ಅತ್ತೆಯ ಸುಪರ್ದಿಗೆ ಒಪ್ಪಿಸಿ, ಗಂಡನತ್ತ ಕೊನೆಯ ನೋಟ ಬೀರಿ, ಹಿಡಿಕೆ ಹಿಡಿದು ನೇತಾಡಿ, ಅವಳು ಹತ್ತಿದಳು.

ಮಾಮ ವರ್ಕ್‌ಶಾಪಿನ ಹಿಂದಿನ ಬಯಲಿಗೆ ಟ್ರಕ್ಕು ತಿರುಗಿಸಿದ. ಅಲ್ಲಿ ಮಣ್ಣಿನ ದಿಬ್ಬಗಳು, ಗುಂಡಿಗಳು, ಪಾಳುಬಿದ್ದ ಮನೆಯಷ್ಟು ದೊಡ್ಡ ಒಂದು ಬಂಡೆ. ಮೊದಲ ದಿಬ್ಬ ಹತ್ತುವಾಗ ಅವಳು ಕಣ್ಣು ಮುಚ್ಚಿದಳು. ಇಳಿಯುವಾಗ ಒಂದು ಕಣ್ಣು ತೆರೆದಳು. ಎರಡನೆಯ ದಿಬ್ಬದ ನೆತ್ತಿಯಲ್ಲಿ ಎರಡೂ ಕಣ್ಣು ತೆರೆದು ನೋಡಿದರೆ, ಅಬ್ಬಾ! ಗೋಡೆಯಾಚೆಯ ರಸ್ತೆ, ರಸ್ತೆಯಾಚೆಯ ಮರ, ಮರದಾಚೆ ಆಕಾಶ. ಗುಂಡಿಗೆ ಧುಮುಕಿದಾಗ ಮೂಳೆ ಮುರಿಯುತ್ತದೆಂದು ಕಾದರೆ, ಯಾರೋ ದಪ್ಪ ಹಾಸಿಗೆಯ ಮೇಲೆ ಮೆಲ್ಲಗೆ ಕೂರಿಸಿದಂತಾಯಿತು.

"ಇನ್ನೊಂದ್ಸಲ!" ಎಂದು ಯಾರೋ ಕಿರುಚಿದರು. ಕಿರುಚಿದ್ದು ತಾನೇ ಎಂದು ತಿಳಿಯಲು ಅವಳಿಗೆ ಒಂದು ಕ್ಷಣ ಬೇಕಾಯಿತು.

ಆಮೇಲೆ ಹೆದ್ದಾರಿ. ನೇರ ಇರುವವರೆಗೆ ರಾಜಠೀವಿ. ಉದ್ದ ತಿರುವಿನಲ್ಲಿ ಮಾತ್ರ ಟ್ರಕ್ಕು ಒಂದು ಬದಿಗೆ ವಾಲಿತು, ಅವಳ ಬಲಗಾಲು ಇಲ್ಲದ ಬ್ರೇಕನ್ನು ಜೋರಾಗಿ ತುಳಿಯಿತು.

"ಎತ್ತರ ಜಾಸ್ತಿ ಆದಷ್ಟೂ ವಾಲುತ್ತೆ ಮೇಡಂ," ಎಂದ ಮಾಮ. "ಬಂಡೆ ಹತ್ತೋ ಹುಚ್ಚರಿಗೆ ನಾಲ್ಕು. ದಿನಾ ಹೆದ್ದಾರಿ ಸವೆಸೋರಿಗೆ ಎರಡೇ ಸಾಕು. ಆದ್ರೆ ಹಳೇ ಸ್ಪ್ರಿಂಗಿನ ಮೇಲೆ ಬಿಲ್ಲೆ ತುರುಕಿ ಎತ್ತೋ ಕೆಲಸ ಅಲ್ಲ, ಒಳ್ಳೆ ಸ್ಪ್ರಿಂಗು, ಒಳ್ಳೆ ಶಾಕು ಹಾಕಿ ಎತ್ತಬೇಕು. ಇನ್ನು ನೀವು ಎಷ್ಟು ಹೇಳ್ತೀರೋ ಅಷ್ಟು."

ಇಳಿದವಳೇ ಗಂಡನ ತೋಳು ಹಿಡಿದಳು. ಕೂದಲು ಕೆದರಿತ್ತು, ಕಣ್ಣು ಹೊಳೆಯುತ್ತಿತ್ತು. "ನಾಲ್ಕು!"

ನಾಲ್ಕು ಇಷ್ಟ ಎಂದಿದ್ದ ಗಂಡನೇ ಬಿಳಿಚಿಕೊಂಡ. "ಏಯ್, ಯೋಚನೆ ಮಾಡು. ತಿರುವಲ್ಲಿ ವಾಲುತ್ತೆ ಅಂತ ನೀನೇ ಹೆದರ್ತಿದ್ದೆ."

"ಬಂಡೆ ಹತ್ತುತ್ತೆ ರೀ, ಬಂಡೆ!"

"ನಾವ್ಯಾಕೆ ಬಂಡೆ ಹತ್ತಬೇಕು? ಅಮ್ಮ ಹೇಗೆ ಹತ್ತೋದು? ಪುಟ್ಟಿ ಬಿದ್ರೆ?"

ಒಂದು ವಾರದಿಂದ ತಾನು ಜೋಪಾನವಾಗಿ ಬೆಳೆಸಿದ್ದ ಭಯಗಳೆಲ್ಲ ಗಂಡನ ಬಾಯಲ್ಲಿ ಓಡಾಡುವುದನ್ನು ಅವಳು ಬೆರಗಾಗಿ ನೋಡಿದಳು. ಅವನ ಬಾಯಲ್ಲಿ ಅವು ಎಷ್ಟು ಹೇಡಿತನದವೆನಿಸಿದವು! ಜಗಳ ಇತ್ಯರ್ಥವಾಗಲಿಲ್ಲ. ಟ್ರಕ್ಕನ್ನು ಅಲ್ಲೇ ಬಿಟ್ಟು, ಎಷ್ಟೆಂದು ಫೋನ್ ಮಾಡಿ ಹೇಳುವುದೆಂದು ತೀರ್ಮಾನಿಸಿ, ಎಲ್ಲರೂ ಬಸ್ಸಿನಲ್ಲಿ ಮನೆಗೆ ಬಂದರು.

ಮನೆಗೆ ಬಂದ ಮೇಲೆ ಅವಳು ಫೋನ್ ಕೈಗೆತ್ತಿಕೊಂಡಳು, ಇಟ್ಟಳು. ಎತ್ತಿದಳು, ಇಟ್ಟಳು. ಮಾರನೆಯ ದಿನವೂ ಅದೇ ವ್ಯಾಯಾಮ. "ಏನಮ್ಮಾ, ಆ ಫೋನು ಅಷ್ಟೊಂದು ಭಾರವಾ?" ಎಂದರು ಅತ್ತೆ. ನಾಲ್ಕು ಎಂದರೆ ತಿರುವಿನಲ್ಲಿ ಟ್ರಕ್ಕು ವಾಲಿದ್ದು ನೆನಪಾಗುತ್ತಿತ್ತು. ಎರಡು ಎಂದರೆ ದಿಬ್ಬದ ನೆತ್ತಿಯ ಆಕಾಶ ಕರೆಯುತ್ತಿತ್ತು.

ಮೂರನೆಯ ದಿನ ಪುಟ್ಟಿಗೆ ಸ್ನಾನ ಮಾಡಿಸುತ್ತಿರುವಾಗ ಉತ್ತರ ಹೊಳೆಯಿತು. ಆವತ್ತು ಖುಷಿ ಕೊಟ್ಟದ್ದು ಸ್ಪ್ರಿಂಗು, ಹೆದರಿಸಿದ್ದು ಎತ್ತರ. ಹಾಗಿದ್ದರೆ ಎರಡಿಂಚು, ಆದರೆ ಅತ್ಯುತ್ತಮ ಸ್ಪ್ರಿಂಗು! ಕಲ್ಲೂ ತಾಗದು, ತಿರುವೂ ಕೊಲ್ಲದು. ಜೀವಮಾನದಲ್ಲಿ ಇಷ್ಟು ಸ್ಪಷ್ಟವಾದ ನಿರ್ಧಾರ ತನ್ನಿಂದ ಹೊರಟದ್ದೇ ಇಲ್ಲವೆನಿಸಿ ಅವಳ ಎದೆಯುಬ್ಬಿತು. ಸೋಪಿನ ಕೈ ಒರೆಸಿಕೊಂಡು, ಮಗಳನ್ನು ಟವೆಲಿನಲ್ಲಿ ಸುತ್ತಿ ಅತ್ತೆಗೆ ಕೊಟ್ಟು, ನಂಬರು ಒತ್ತಿಯೇ ಬಿಟ್ಟಳು.

"ಮಾಮಾ, ಕೇಳಿಸ್ಕೊಳ್ಳಿ. ಎರಡಿಂಚು. ಬಿಲ್ಲೆ ಗಿಲ್ಲೆ ನಡೆಯಲ್ಲ. ಸ್ಪ್ರಿಂಗೂ ಶಾಕೂ ಎರಡೂ ಒಳ್ಳೇದೇ ಆಗ್ಬೇಕು."

"ಅದೇ ಹಾಕಿದೀನಿ ಮೇಡಂ. ನಿನ್ನೆನೇ ಮುಗೀತು."

"ಏನು? ಯಾರು ಹೇಳಿದ್ದು?"

"ನಿಮ್ಮ ಯಜಮಾನ್ರೇ. ಬಸ್ ಹತ್ತೋಕೆ ಮುಂಚೆ ಕಿವೀಲಿ ಹೇಳಿ ಹೋದ್ರು. 'ನಮ್ಮೋಳು ಎರಡು ದಿನ ಹೊರಳಾಡಿ ಕೊನೆಗೆ ಎರಡೇ ಅಂತಾಳೆ, ನೀವು ಶುರು ಮಾಡಿ' ಅಂದ್ರು."

ಅವಳು ಹಿಂತಿರುಗಿ ನೋಡಿದಳು. ಪುಟ್ಟಿಯನ್ನು ಅತ್ತೆಯ ಕೈಯಿಂದ ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ ಗಂಡ, ಮಗಳ ಟವೆಲಿನ ತುದಿಯಿಂದ ಮುಖ ಮುಚ್ಚಿಕೊಂಡ. ಟವೆಲು ಕುಲುಕುತ್ತಿತ್ತು.

"ಸರಿ ಮಾಮಾ," ಎಂದಳು ತಲೆಯೆತ್ತಿ. "ಗಾಡಿ ಕೀ ಅವರ ಕೈಗೆ ಕೊಡಕೂಡದು. ನಾನೇ ಬರ್ತೀನಿ. ಕೆರೆವರೆಗೂ ನಾನೇ ಓಡಿಸ್ತೀನಿ!"

ಆ ಕಡೆ ಮಾಮ ಮೊಟ್ಟಮೊದಲ ಬಾರಿಗೆ ಪುಟಿಯುವುದನ್ನು ನಿಲ್ಲಿಸಿದ. ಆಮೇಲೆ ಬಹಳ ವಿನಯದಿಂದ ಕೇಳಿದ:

"ಮೇಡಂ, ನಿಮಗೆ ಡ್ರೈವಿಂಗ್ ಬರುತ್ತಾ?"

"ಇಲ್ಲ," ಎಂದಳು ಪುಟ್ಟಿಯ ಅಮ್ಮ. "ಕಲಿಸೋರು ಯಾರಾದ್ರೂ ಇದ್ರೆ ನಂಬರ್ ಕೊಡಿ. ಬೇಗ, ಹೆದರಿಕೆ ಶುರುವಾಗೋದ್ರೊಳಗೆ!"